ನಾಲ್ಕು ಆ್ಯಪ್ ಮತ್ತು ಒಂದು ಮೋಟರ್ ಪುಸ್ತಕ

ಹದಿನೆಂಟು ವರ್ಷದಿಂದ ಅಜ್ಜಂಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿಕೊಳ್ಳುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ಕಾಗದವನ್ನೂ ಕಳೆದವಳಲ್ಲ. ಸಾಹೇಬರು ಯಾವ ಹಾಳೆ ಕೇಳಿದರೂ ಅವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಮೇಜಿನ ಮೇಲಿರುತ್ತದೆ. ಇಂಥ ನಾನು, ನನ್ನ ಎಂ.ಎ. ನೋಟ್ಸ್ ಇಟ್ಟುಕೊಳ್ಳಲು ಒಂದು ಆ್ಯಪ್ ಆರಿಸುವುದು ಅರ್ಧ ಗಂಟೆಯ ಕೆಲಸ ಎಂದುಕೊಂಡೆ. ಸದರಿ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಎಂ.ಎ. ವಿಷಯ ಸ್ವಲ್ಪ ಹಳೆಯದು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಇತಿಹಾಸ ಎಂ.ಎ.ಗೆ ಸೇರಿದ್ದೆ. ಆರು ತಿಂಗಳಿಗೆ ಮದುವೆ ಗೊತ್ತಾಯಿತು, ಬಿಟ್ಟೆ. ಬಿಡು ಎಂದು ಯಾರೂ ಹೇಳಲಿಲ್ಲ, ಓದುತ್ತೇನೆ ಎಂದು ನಾನೂ ಹೇಳಲಿಲ್ಲ. ಆಗಿನ ಕಾಲೇಜಿನ ಗುರುತಿನ ಚೀಟಿ ಇವತ್ತಿಗೂ ನನ್ನ ಟ್ರಂಕಿನ ತಳದಲ್ಲಿದೆ. ನಲವತ್ತೈದು ದಾಟಿದ ಮೇಲೆ ಧೈರ್ಯ ಮಾಡಿ ದೂರಶಿಕ್ಷಣಕ್ಕೆ ಸೇರಿಕೊಂಡೆ. ಉಳಿದ ಪೇಪರುಗಳೆಲ್ಲ ಆದವು. ಕರ್ನಾಟಕದ ಕೆರೆಗಳು ಮತ್ತು ನೀರಾವರಿ ಎಂಬ ಒಂದೇ ಒಂದು ಪೇಪರು ಎರಡು ಸಲ ಕೈಕೊಟ್ಟಿತು. ಇದೇ ಕೊನೆಯ ಅವಕಾಶ, ಈ ಸಲವೂ ಆಗದಿದ್ದರೆ ನೋಂದಣಿ ರದ್ದು ಎಂದು ಪತ್ರ ಬಂತು. ಒಂದೇ ಜನ್ಮದಲ್ಲಿ ಎರಡು ಸಲ ಎಂ.ಎ. ಅರ್ಧಕ್ಕೆ ಬಿಟ್ಟವಳಾಗುವುದು ನನಗೆ ಬೇಕಿರಲಿಲ್ಲ. ಆ ಪತ್ರ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತು ನಿಜವಾಗಿ ಹೆದರಿಕೊಂಡೆ.

ಹಿಂದಿನ ಎರಡು ಸೋಲುಗಳ ಕಾರಣವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ನಾನು ಓದಿರಲಿಲ್ಲ ಎಂಬುದು ಕಂಡುಬರಲಿಲ್ಲ. ನೋಟ್ಸ್ ಚದುರಿಹೋಗಿದ್ದೇ ಕಾರಣ ಎಂದು ಕಂಡುಬಂತು. ಮನೆ ಕಡೂರಿನಲ್ಲಿ, ಕೆಲಸ ಅಜ್ಜಂಪುರದಲ್ಲಿ, ಪರೀಕ್ಷೆ ತರೀಕೆರೆಯಲ್ಲಿ. ರೈಲಿನಲ್ಲಿ ಓದುವುದಕ್ಕೆ ಫೋನು, ಕಚೇರಿಯ ಊಟದ ಬಿಡುವಿಗೆ ಕಂಪ್ಯೂಟರು, ಮನೆಯಲ್ಲಿ ಮಗಳ ಹಳೇ ಟ್ಯಾಬು. ಒಂದು ಕಡೆ ಬರೆದದ್ದು ಮೂರೂ ಕಡೆ ಸಿಗುವಂಥ ಆ್ಯಪ್ ಸಿಕ್ಕರೆ ಸಾಕು, ಕೆರೆಗಳು ತಾವಾಗಿಯೇ ತಲೆಯೊಳಗೆ ತುಂಬಿಕೊಳ್ಳುತ್ತವೆ ಎಂದು ನಂಬಿದೆ.

ಆ್ಯಪಿನ ವಿಷಯವನ್ನು ಯಜಮಾನರಿಗೆ ವಿವರಿಸಿದೆ. ಅವರದು ಕಡೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಸುತ್ತಮುತ್ತಲ ಹಳ್ಳಿಗಳಲ್ಲಿ ಬೋರ್‌ವೆಲ್ ಮೋಟರ್ ಸುಟ್ಟರೆ ತಂದು ಇವರ ಬಾಗಿಲಿಗೆ ಇಳಿಸುತ್ತಾರೆ. ಯಾರ ಮೋಟರು, ಏನಾಗಿದೆ ಎಂದು ಇವರು ಗೋಡೆಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಭಾನುವಾರ ಬೋರ್ಡು ಒರೆಸುವ ಮುಂಚೆ, ಅದರಲ್ಲಿರುವ ಒಂದೊಂದು ಸಾಲನ್ನೂ ಒಂದು ಉದ್ದನೆಯ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಕೆಲಸ ಮುಗಿದು ಮೋಟರು ಊರು ಸೇರಿದ್ದರೂ ಸರಿ, ಬರೆದುಕೊಳ್ಳುತ್ತಾರೆ.

"ಈ ಕಾಲದಲ್ಲೂ ಪುಸ್ತಕದಲ್ಲಿ ಬರ್ಕೊಂಡು ಕೂತಿದೀರಲ್ರೀ" ಎಂದು ನಕ್ಕೆ.

"ಅಳಿಸೋಕ್ ಮುಂಚೆ ಬರ್ಕೋಬೇಕು ಕಣೇ. ಯಾವಾಗ ಯಾರು ಏನ್ ಕೇಳ್ತಾರೋ" ಎಂದರು.

ನಾನು ಮರುಕದಿಂದ ನೋಡಿದೆ.

ಮೊದಲನೆಯ ಆ್ಯಪ್ ಬಲು ಚೆಲುವೆ. ಟ್ಯಾಬಿನ ಮೇಲೆ ಪೆನ್ನಿನಿಂದಲೇ ಬರೆಯಬಹುದು. ಪ್ರತಿ ನೋಟ್‌ಬುಕ್ಕಿಗೂ ಬೇರೆ ಬೇರೆ ರಟ್ಟು ಆರಿಸಬಹುದು. ಚಾಲುಕ್ಯರಿಗೆ ತಿಳಿನೀಲಿ, ಹೊಯ್ಸಳರಿಗೆ ಕೆಂಪು, ವಿಜಯನಗರಕ್ಕೆ ಚಿನ್ನದ ಅಂಚು. ರಟ್ಟು ಆರಿಸುವುದರಲ್ಲೇ ಹತ್ತು ದಿನ ಹೋಯಿತು. ಹನ್ನೊಂದನೇ ದಿನ ಕಚೇರಿಯ ಕಂಪ್ಯೂಟರಿನಲ್ಲಿ ತೆರೆಯಲು ಹೋದರೆ ಈ ಆ್ಯಪ್ ಇಲ್ಲಿ ನಡೆಯುವುದಿಲ್ಲ ಎಂದಿತು. ಮೂರು ರಾಜವಂಶಗಳು ಒಳಗೆ ಬಿಳಿ ಹಾಳೆ ಇಟ್ಟುಕೊಂಡು ಟ್ಯಾಬಿನಲ್ಲೇ ಉಳಿದವು.

ಎರಡನೆಯದು ಎಲ್ಲ ಕಡೆಯೂ ನಡೆಯುತ್ತಿತ್ತು, ನೆಟ್‌ವರ್ಕ್ ಇದ್ದರೆ. ಬೆಳಗಿನ ರೈಲು ಬೀರೂರು ಬಿಟ್ಟ ಮೇಲೆ ಸಿಗ್ನಲ್ ಒಂದು ಕಡ್ಡಿಗೆ ಇಳಿಯುತ್ತದೆ, ಆಮೇಲೆ ಅದೂ ಹೋಗುತ್ತದೆ. ಇದು ಹದಿನೆಂಟು ವರ್ಷದಿಂದ ಅದೇ ರೈಲು ಹತ್ತುವ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕಿಟಕಿ ಪಕ್ಕ ಕೂತು ತೂಬಿನ ರಚನೆಯ ಬಗ್ಗೆ ಎರಡು ಪುಟ ಒತ್ತಿದೆ. ಅಜ್ಜಂಪುರದಲ್ಲಿ ಇಳಿದಾಗ ಉಳಿಸಲು ಸಾಧ್ಯವಾಗಲಿಲ್ಲ ಎಂದು ಬಂತು. ತೂಬು ಕೊಚ್ಚಿಹೋಗಿತ್ತು!

ಮೂರನೆಯದು ನೆಟ್‌ವರ್ಕ್ ಇಲ್ಲದಿದ್ದರೂ ಬರೆದಿಟ್ಟುಕೊಳ್ಳುವಂಥದ್ದು. ಆದರೆ ಎರಡೇ ಸಾಧನಕ್ಕೆ ಅನುಮತಿ. ನನ್ನ ಹತ್ತಿರ ಮೂರಿದ್ದವು. ನಾನು ಸುಮ್ಮನಿರುವವಳೇ? ಬೆಳಿಗ್ಗೆ ಟ್ಯಾಬನ್ನು ಪಟ್ಟಿಯಿಂದ ತೆಗೆದು ಕಂಪ್ಯೂಟರನ್ನು ಸೇರಿಸುವುದು, ಸಂಜೆ ಕಂಪ್ಯೂಟರನ್ನು ತೆಗೆದು ಟ್ಯಾಬನ್ನು ಸೇರಿಸುವುದು ಎಂಬ ವ್ಯವಸ್ಥೆ ಮಾಡಿಕೊಂಡೆ. ಹೀಗೆ ಹದಿನೈದು ದಿನ ನಡೆಯಿತು. ಒಂದು ಸಂಜೆ ಆತುರದಲ್ಲಿ, ಫೋನ್ ಹಿಡಿದುಕೊಂಡು, ಫೋನನ್ನೇ ಪಟ್ಟಿಯಿಂದ ತೆಗೆದುಹಾಕಿದೆ. ಮನೆಗೆ ಬೀಗ ಹಾಕಿ ಕೀಲಿಯನ್ನು ಕಿಟಕಿಯಿಂದ ಒಳಗೆ ಎಸೆದಂತಾಯಿತು.

ನಮ್ಮ ಕಚೇರಿಯ ರಿಜ್ವಾನಾ ಕೂಡ ಇದೇ ಪೇಪರಿಗೆ ಕೂರುವವಳಿದ್ದಳು. ತರೀಕೆರೆಯ ಹುಡುಗಿ, ನನಗಿಂತ ಹದಿನೈದು ವರ್ಷ ಚಿಕ್ಕವಳು. ಮಧ್ಯಾಹ್ನ ಒಂದೇ ಮೇಜಿನ ಮೇಲೆ ಡಬ್ಬಿ ಬಿಚ್ಚುತ್ತೇವೆ. ಅವಳದು ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಕಂದು ರಟ್ಟು, ಒಂದು ನೀಲಿ ಪೆನ್ನು.

"ಯಾವ ಆ್ಯಪ್ ಅಂತ ತೀರ್ಮಾನ ಆಯ್ತಾ ಅಕ್ಕಾ?"

"ಪರಿಶೀಲನೆಯಲ್ಲಿದೆ."

"ನೀವು ಹುಡುಕ್ತಾ ಇರಿ. ನಾನು ಎರಡನೇ ಬ್ಲಾಕ್ ಮುಗಿಸಿದೆ." ನಮ್ಮ ಪಠ್ಯದ ಕಂತುಗಳಿಗೆ ಬ್ಲಾಕ್ ಎನ್ನುತ್ತಾರೆ. ನಾನಿನ್ನೂ ಮೊದಲನೇ ಬ್ಲಾಕಿನ ಮುನ್ನುಡಿಯಲ್ಲಿದ್ದೆ.

ಕೊನೆಗೆ ಒಂದು ದಿನ ಕಣ್ಣಿಗೆ ಬಿದ್ದದ್ದು ನನ್ನ ಫೋನಿನ ಜೊತೆಗೇ ಬಂದಿದ್ದ ಟಿಪ್ಪಣಿ ಆ್ಯಪ್. ಮೂರು ವರ್ಷದಿಂದ ಮೂಲೆಯಲ್ಲಿ ಕೂತಿತ್ತು. ನನ್ನ ಮೇಲ್ ಐಡಿ ಹಾಕಿದರೆ ಎಲ್ಲ ಕಡೆಯೂ ತೆರೆಯುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೂ ಬರೆಯಬಹುದು. ಸಂತೋಷದಿಂದ ಆ ವಾರವೆಲ್ಲ ಬರೆದೆ. ಕೆರೆ ಕಟ್ಟುವ ಜಾಗ ಆರಿಸುವುದು ಹೇಗೆ, ಕೋಡಿ ಎಂದರೇನು, ಹೂಳು ತೆಗೆಯುವ ಬಂಡಿಗೆ ಯಾರು ಹೊಣೆ, ಎಲ್ಲ. ಸೋಮವಾರ ರೈಲಿನಲ್ಲಿ ಓದೋಣ ಎಂದು ತೆರೆದೆ. ಒಂದು ಅಕ್ಷರವೂ ಇರಲಿಲ್ಲ.

ನಾನೇ ಏನೋ ತಪ್ಪು ಒತ್ತಿರಬೇಕು ಎಂದು ಮತ್ತೆ ಬರೆದೆ. ಮುಂದಿನ ಸೋಮವಾರ ಮತ್ತೆ ಖಾಲಿ. ಮೂರನೇ ಸೋಮವಾರವೂ ಖಾಲಿ. ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿ ಎಂದು ಒಂದಿರುತ್ತದಂತೆ, ಅದರಲ್ಲೂ ನೋಡಿದೆ. ಅದನ್ನೂ ಯಾರೋ ಗುಡಿಸಿ ಇಟ್ಟಿದ್ದರು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು.

"ನನ್ನ ಅಕೌಂಟ್ ಹ್ಯಾಕ್ ಆಗಿದೆ" ಎಂದು ರಿಜ್ವಾನಾಳಿಗೆ ಹೇಳಿದೆ.

"ನಿಮ್ಮ ಕೆರೆ ನೋಟ್ಸ್ ಕದ್ದು ಯಾರು ಏನ್ ಮಾಡ್ತಾರೆ ಅಕ್ಕಾ?"

ಒಳ್ಳೆಯ ಪ್ರಶ್ನೆ. ಕೆರೆ ನೋಟ್ಸ್ ಯಾರಿಗೆ ಬೇಕು? ಕೆರೆ ಪರೀಕ್ಷೆ ಬರೆಯುವವರಿಗೆ ಬೇಕು. ಆ ಪರೀಕ್ಷೆ ಬರೆಯುವವರು ನನಗೆ ಗೊತ್ತಿದ್ದಂತೆ ಒಬ್ಬಳೇ, ಎದುರಿಗೆ ಕೂತು ನನಗೆ ಚಪಾತಿಯ ಅರ್ಧ ಕೊಡುತ್ತಿದ್ದಳು. ಬುದ್ಧಿ ಕೆಟ್ಟರೆ ಹೀಗೇ. ಎರಡು ದಿನ ಅವಳ ಡಬ್ಬಿಯಿಂದ ನಾನು ಏನನ್ನೂ ತೆಗೆದುಕೊಳ್ಳಲಿಲ್ಲ. ಪಾಪ, ಉಪ್ಪು ಜಾಸ್ತಿಯಾಗಿದೆಯಾ ಎಂದು ಕೇಳಿದಳು. ಈಗ ನೆನೆದರೂ ನಾಚಿಕೆಯಾಗುತ್ತದೆ.

ಗುರುವಾರ ಊಟದ ಬಿಡುವಿನಲ್ಲಿ ದಿಟ್ಟ ಕ್ರಮ ಕೈಗೊಂಡೆ. ಪಾಸ್‌ವರ್ಡ್ ಬದಲಾಯಿಸಿದೆ. ಎಂಥಾ ಪಾಸ್‌ವರ್ಡ್ ಎಂದರೆ, ಬರೆದಿಟ್ಟುಕೊಳ್ಳದಿದ್ದರೆ ನನಗೇ ನೆನಪಿರುವಂತಿರಲಿಲ್ಲ.

ಸಂಜೆ ಮನೆಗೆ ಬಂದರೆ ಅತ್ತೆ ಜಗಲಿಯ ಮೇಲೆ ಫೋನನ್ನು ತಟ್ಟುತ್ತಾ ಕೂತಿದ್ದರು. ದಿನಾ ಸಂಜೆ ಅದರಲ್ಲಿ ಭಜನೆ ಕೇಳುವುದು ಅವರ ಪದ್ಧತಿ.

"ಏನೋ ಕೇಳ್ತೈತೆ ಕಣಮ್ಮ ಇದು. ಮಧ್ಯಾಹ್ನದಿಂದ ಭಜ್ನೇನೇ ಇಲ್ಲ."

ಪರದೆಯ ಮೇಲೆ ನನ್ನ ಮೇಲ್ ಐಡಿ ಇತ್ತು. ಕೆಳಗೆ ಪಾಸ್‌ವರ್ಡ್ ಹಾಕಿ ಎಂದಿತ್ತು. ಅಷ್ಟರಲ್ಲಿ ಯಜಮಾನರು ಅಂಗಡಿಯಿಂದ ಬಂದು ತಮ್ಮ ಫೋನನ್ನೂ ಚಾಚಿದರು.

"ಇದಕ್ಕೂ ಏನೋ ಆಗೈತೆ ನೋಡೇ. ಕೆರೆ ಪಾಠ ಬತ್ತಿಲ್ಲ."

"ಏನು ಬರ್ತಿಲ್ಲ?"

"ಕೆರೆ ಪಾಠ. ತೂಬು, ಕೋಡಿ ಅಂತ ದಿನಾ ಬತ್ತಿತ್ತಲ್ಲ. ಫೋನ್ ಕಂಪನಿಯೋರು ಕಳಿಸ್ತಾರೆ ಅಂತ ತಿಳ್ಕಂಡಿದ್ದೆ. ಚೆನ್ನಾಗಿತ್ತು."

ನಾನು ಜಗಲಿಯ ಮೇಲೆ ಅತ್ತೆಯ ಪಕ್ಕ ಕುಳಿತೆ. ಮೂರು ವರ್ಷದ ಹಿಂದೆ ಮನೆಗೆ ಮೂರು ಫೋನ್ ಒಟ್ಟಿಗೆ ತಂದಾಗ, ಮೂರು ಪಾಸ್‌ವರ್ಡ್ ಯಾರು ನೆನಪಿಟ್ಟುಕೊಳ್ಳುತ್ತಾರೆ, ಎಲ್ಲಕ್ಕೂ ನನ್ನ ಮೇಲ್ ಐಡಿಯನ್ನೇ ಹಾಕಿ ಎಂದು ಅಂಗಡಿಯವರಿಗೆ ಹೇಳಿದವಳು ನಾನೇ. ಒಂದು ಮನೆ, ಒಂದು ಒಲೆ, ಒಂದು ಐಡಿ. ನಾನು ರೈಲಿನಲ್ಲಿ ಬರೆದದ್ದೆಲ್ಲ ಇವರ ಜೇಬಿಗೆ ಬಂದು ಬೀಳುತ್ತಿತ್ತು.

"ಅದು ನಾನು ಬರೀತಿದ್ದಿದ್ದು ಕಣ್ರೀ. ನನ್ನ ಪರೀಕ್ಷೆದು."

"ನಿಂದು ಇತಿಹಾಸ ಅಲ್ವೇನೇ? ಇತಿಹಾಸ ಅಂದ್ರೆ ರಾಜರದ್ದು. ಇದು ನೀರಿಂದಿತ್ತು."

"ಅಳಿಸಿದ್ದು ಯಾರು?"

"ನಾನೇಯ. ಮೋಟರ್ ಫೋಟೋ ತೆಗ್ದೂ ತೆಗ್ದೂ ಫೋನಲ್ಲಿ ಜಾಗ ಇರಲ್ಲ. ಭಾನುವಾರ ಬೋರ್ಡ್ ಒರ್ಸುವಾಗ ಇದನ್ನೂ ಒರ್ಸಿಬಿಡ್ತಿದ್ದೆ. ಕಸದ ಬುಟ್ಟೀನೂ ಖಾಲಿ ಮಾಡ್ತಿದ್ದೆ."

ನನಗೆ ಅಳು ಬಂತು. ಸಿಟ್ಟಿನಿಂದಲ್ಲ. ಇಪ್ಪತ್ತೊಂದನೇ ವಯಸ್ಸಿನ ಆ ಗುರುತಿನ ಚೀಟಿ ಕಣ್ಣೆದುರು ಬಂತು. ಇನ್ನು ಒಂಬತ್ತು ದಿನಕ್ಕೆ ಪರೀಕ್ಷೆ, ನನ್ನ ಹತ್ತಿರ ಒಂದು ಸಾಲೂ ಇಲ್ಲ. ಮತ್ತೆ ಅರ್ಧಕ್ಕೇ ಹೋಯಿತು ಎಂದುಕೊಂಡೆ.

ಯಜಮಾನರು ಹತ್ತಿರ ಬಂದರು. "ಅಳ್ತೀಯಾಕೆ? ಒರ್ಸೋಕ್ ಮುಂಚೆ ಬರ್ಕಂಡಿದೀನಲ್ಲ" ಎಂದರು.

ಅಂಗಡಿಗೆ ಹೋಗಿ ಆ ಉದ್ದನೆಯ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದರು. ವಾರ್ನಿಷ್ ವಾಸನೆ, ಅಂಚಿಗೆಲ್ಲ ಗ್ರೀಸಿನ ಹೆಬ್ಬೆರಳು. ಪಂಚನಹಳ್ಳಿ ಕಲ್ಲೇಶಪ್ಪ, ಐದು ಹೆಚ್‌ಪಿ, ವೈಂಡಿಂಗ್ ಸುಟ್ಟಿದೆ. ಅದರ ಕೆಳಗೆ, ಕೆರೆ ಏರಿಯ ನಿರ್ಮಾಣ, ಪೂರ್ತಿ. ಎಮ್ಮೆದೊಡ್ಡಿ ರಂಗಪ್ಪ, ಬೇರಿಂಗ್ ಬದಲಿಸಬೇಕು. ಅದರ ಕೆಳಗೆ, ಹೊಯ್ಸಳರ ಕಾಲದ ಕೆರೆಗಳು, ಪೂರ್ತಿ. ನಾನು ಅವಸರದಲ್ಲಿ ಒತ್ತಿದ ತಪ್ಪುಗಳನ್ನೂ ಬಿಡದೆ, ದುಂಡಗೆ, ಒಂದೊಂದು ಅಕ್ಷರ. ಹತ್ತನೇ ತರಗತಿಗೆ ಓದು ನಿಲ್ಲಿಸಿದ ಮನುಷ್ಯ, ಯಾರು ಬರೆದದ್ದೆಂದೂ ಗೊತ್ತಿಲ್ಲದೆ, ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಮೂರು ಭಾನುವಾರ ಕೂತು ಬರೆದಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ನೆನಪಿಲ್ಲ. ಅವರ ಪುಸ್ತಕ ನೋಡಿ ನಕ್ಕಿದ್ದು ನೆನಪಿತ್ತು.

ಮಾರನೇ ದಿನ ರಿಜ್ವಾನಾಳಿಗೆ ನನ್ನ ಅನುಮಾನವನ್ನೂ ಸೇರಿಸಿ ಎಲ್ಲ ಹೇಳಿ ತಪ್ಪೊಪ್ಪಿಕೊಂಡೆ. ಅವಳು ನಕ್ಕೂ ನಕ್ಕೂ ಕೊನೆಗೆ, "ಹಾಗಾದ್ರೆ ಉಪ್ಪು ಸರಿಯಾಗೇ ಇತ್ತಾ?" ಎಂದಳು.

ಉಳಿದ ದಿನಗಳಲ್ಲಿ ಅಜ್ಜಂಪುರದ ರೈಲಿನಲ್ಲಿ ತೊಡೆಯ ಮೇಲೆ ಮೋಟರ್ ಪುಸ್ತಕ ಬಿಚ್ಚಿಕೊಂಡು ಓದಿದೆ. ಬೀರೂರು ದಾಟಿದರೂ ಅದು ತೆರೆದೇ ಇರುತ್ತಿತ್ತು. ಸಂಜೆ ಮನೆಯಲ್ಲಿ ಯಜಮಾನರು ಪ್ರಶ್ನೆ ಕೇಳುತ್ತಿದ್ದರು.

"ಕಟ್ಟುಕೊಡಗೆ ಅಂದ್ರೇನು?"

"ಅದು... ಕೆರೆಗೆ ಸಂಬಂಧಿಸಿದಂತೆ..."

"ಕೆರೆ ಕಟ್ಟಿಸಿದೋರಿಗೆ, ರಿಪೇರಿ ಮಾಡಿಸಿದೋರಿಗೆ ಕೊಡ್ತಿದ್ದ ಜಮೀನು ಕಣೇ. ನೀನೇ ಬರ್ದಿದೀಯ." ಅವರು ಪುಸ್ತಕ ನೋಡದೆ ಹೇಳುತ್ತಿದ್ದರು. ಕೈಯಲ್ಲಿ ಬರೆದದ್ದು ಅವರು, ಪಾಠ ಹೋದದ್ದೂ ಅವರ ತಲೆಗೇ. ಎಂ.ಎ.ಗೆ ಕಟ್ಟಿದವಳು ಮಾತ್ರ ನಾನು.

ತರೀಕೆರೆಯ ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ನೋಡಿದಾಗ ಗ್ರೀಸಿನ ಕಲೆಗಳ ಸಮೇತ ಪುಟಗಳು ನೆನಪಿಗೆ ಬಂದವು. ಕೆರೆ ಕಟ್ಟಿಸಿದ ದಾನಿಗಳನ್ನು ಕುರಿತು ಬರೆಯಿರಿ. ಸರಾಗವಾಗಿ ಬರೆದೆ. ರಾಜರು, ರಾಣಿಯರು, ದಂಡನಾಯಕರು, ವರ್ತಕರು. ಹೊರಗೆ ಬಂದು ರಿಜ್ವಾನಾಳ ಜೊತೆ ಬಸ್ಸಿಗೆ ಕಾಯುತ್ತಾ ಒಂದೊಂದೇ ಹೆಸರು ಹೇಳಿಕೊಳ್ಳುತ್ತಿದ್ದೆ.

"ಕಲ್ಲೇಶಪ್ಪ ಯಾರು ಅಕ್ಕಾ?" ಎಂದಳು ಅವಳು. "ಬ್ಲಾಕಲ್ಲಿ ಇಲ್ವಲ್ಲ."

ದಂಡನಾಯಕರಿಗೂ ವರ್ತಕರಿಗೂ ನಡುವೆ, ಮೋಟರ್ ಪುಸ್ತಕದ ನೆನಪಿನಲ್ಲೇ, ಪಂಚನಹಳ್ಳಿಯ ಕಲ್ಲೇಶಪ್ಪನವರನ್ನು ಬರೆದು ಬಂದಿದ್ದೆ. ಪುಣ್ಯಕ್ಕೆ ಹೆಚ್‌ಪಿ ಬಿಟ್ಟಿದ್ದೆ.

ಫಲಿತಾಂಶ ಬಂದಾಗ ರಿಜ್ವಾನಾ ಪ್ರಥಮ ದರ್ಜೆ. ನಾನು ಪಾಸು, ಬೇಕಾದ್ದಕ್ಕಿಂತ ಎರಡು ಅಂಕ ಹೆಚ್ಚು. ಗುರುತಿನ ಚೀಟಿಯನ್ನು ಟ್ರಂಕಿನಿಂದ ತೆಗೆದು ಅಂಕಪಟ್ಟಿಯ ಪಕ್ಕ ಇಟ್ಟು ನೋಡಿದೆ. ಯಜಮಾನರೂ ಬಗ್ಗಿ ನೋಡಿದರು, ಪುಸ್ತಕ ಯಾವಾಗ ವಾಪಸ್ ಕೊಡುತ್ತೀ ಎಂದರು.

ಮುಂದಿನ ಭಾನುವಾರ ಪುಸ್ತಕ ಕೊಡಲು ಅಂಗಡಿಗೆ ಹೋಗಿದ್ದೆ. ಯಾರೋ ಒಬ್ಬರು ಟವೆಲು ಕೊಡವಿಕೊಂಡು ಮೋಟರಿನ ಪಕ್ಕ ನೆಲದ ಮೇಲೆ ಕೂರಲು ಹೊರಟಿದ್ದರು. ಯಜಮಾನರು, "ಕಲ್ಲೇಶಪ್ಪ, ಮತ್ತೆ ಸುಡಿಸ್ಕಂಡು ಬಂದಾ?" ಎಂದರು.

ನಾನು ಥಟ್ಟನೆ ಎದ್ದು ನನ್ನ ಕುರ್ಚಿಯನ್ನು ಅವರಿಗೆ ಹಾಕಿದೆ. ಎದುರಿನ ಹೋಟೆಲಿನಿಂದ ಟೀ ತರಿಸಿದೆ. ಅವರು ಗಾಬರಿಯಾಗಿ ಕುರ್ಚಿಯ ತುದಿಯಲ್ಲಿ ಕೂತರು.

"ಏನೇ ಇದು, ಇಷ್ಟೊಂದು ಉಪಚಾರ?" ಎಂದು ಯಜಮಾನರು ಪಿಸುಗುಟ್ಟಿದರು.

"ಸುಮ್ನಿರಿ" ಎಂದೆ. "ನನ್ನ ಆ ಎರಡು ಅಂಕ ಅವರದ್ದು. ಕೆರೆ ಕಟ್ಟಿಸಿದ್ದಾರೆ."