ಚಾಚಾ ತೆರೆದಿಟ್ಟ ಕಿಟಕಿ

ನಮ್ಮ ಚಾಚಾನಷ್ಟು ಶ್ರದ್ಧೆಯಿಂದ ಹೆಂಡತಿಯ ಕೈಲಿ ಬೈಸಿಕೊಳ್ಳುವವರು ಈ ಪರದೇಶದ ಏವನ್‌ಡೇಲ್ ಬಡಾವಣೆಯಲ್ಲಿ ಇನ್ನೊಬ್ಬರಿಲ್ಲ. ಸಾಲದ್ದಕ್ಕೆ, ಬೈಸಿಕೊಳ್ಳುವ ಮುಂಚೆ ಎದ್ದುಹೋಗಿ ಕಿಟಕಿ ತೆರೆಯುತ್ತಿದ್ದರು!

ಚಾಚಾ ನನ್ನ ಬಂಧುವೇನಲ್ಲ. ದಾವಣಗೆರೆಯವರು, ಅವರ ಮನೆಯ ಹಿಂಭಾಗದಲ್ಲಿ ನಾನು ಬಾಡಿಗೆಗಿದ್ದೆ. ಅವರಿಗಿದ್ದದ್ದು ಒಂದೇ ಚಟ, ರೇಡಿಯೊ. ಬೆಳಗಾದರೆ ಜನ ಅದಕ್ಕೆ ಫೋನ್ ಮಾಡಿ, ಮುಸಲ್ಮಾನರ ಬಗ್ಗೆ ತಮಗೆ ಗೊತ್ತಿಲ್ಲದ್ದನ್ನೆಲ್ಲ ವಿವರವಾಗಿ ಹೇಳುತ್ತಿದ್ದರು. ಬೇರೆಯವರಾದರೆ ರೇಡಿಯೊ ಆರಿಸುತ್ತಾರೆ. ಚಾಚಾ ಮಾತ್ರ ಒಂದೊಂದನ್ನೂ ಪಕ್ಕದ ಮನೆಯ ಬಿಳಿಯ ಅಜ್ಜಿಯ ಕಣ್ಣೆದುರೇ ಸುಳ್ಳೆಂದು ಸಾಧಿಸಲು ಹೊರಡುತ್ತಿದ್ದರು.

ಮುಸಲ್ಮಾನರಿಗೆ ನಾಯಿ ಕಂಡರಾಗದು ಎಂದರು ಯಾರೋ. ನಾಯಿಮರಿ ಕಂಡರೂ ರಸ್ತೆ ದಾಟುವ ಚಾಚಾ, ಅಜ್ಜಿಯ ದೈತ್ಯ ನಾಯಿಯನ್ನು ವಾಕಿಂಗ್ ಕರೆದೊಯ್ದರು. ಒಯ್ದದ್ದು ನಾಯಿಯೇ ಅನ್ನಿ. ಮಂಡಿ ತರಚಿಕೊಂಡು, ಒಂದೇ ಚಪ್ಪಲಿಯಲ್ಲಿ ಮರಳಿದರು.

ಚಾಚಿ ಬಾಯಿ ತೆರೆಯುವಷ್ಟರಲ್ಲಿ "ತಡಿ ತಡಿ" ಎಂದು ಕಿಟಕಿ ತೆರೆದರು. ಮುಸಲ್ಮಾನರ ಮನೆಗಳಲ್ಲಿ ಹೆಂಗಸರು ಉಸಿರೆತ್ತುವಂತಿಲ್ಲ ಎಂದು ಹಿಂದಿನ ದಿನವಷ್ಟೇ ರೇಡಿಯೊದಲ್ಲಿ ಬಂದಿತ್ತಂತೆ.

"ಈಗ ಬೈ. ಇಂಗ್ಲಿಷ್‌ನಾಗೆ ಬೈ, ಅಜ್ಜಿಗೂ ತಿಳೀಬೇಕು."

"ಇಂಗ್ಲಿಷ್‌ನಾಗೆ ಬೈದ್ರೆ ನಿಮಗೆ ನಾಟಂಗಿಲ್ಲ. ಹೀಟರ್ ಹಾಕೀನಿ, ಮೊದ್ಲು ಕಿಟಕಿ ಮುಚ್ರಿ."

ಅಂದಿನಿಂದ ಅದೇ ದಿನಚರಿ. ತಿಂಗಳಾದ ಮೇಲೆ ಅಜ್ಜಿ ಮಫಿನ್ ತಟ್ಟೆ ಹಿಡಿದು ಬಂದು, ಚಾಚಾನನ್ನು ಬೇಲಿಯ ಬಳಿ ಕರೆದು ಪಿಸುಗುಟ್ಟಿದರು: "ಮನೆಯಲ್ಲಿ ನಿಮಗೇನೂ ತೊಂದರೆ ಇಲ್ಲ ತಾನೇ? ನಮ್ಮಲ್ಲೊಂದು ಕೋಣೆ ಖಾಲಿ ಇದೆ."

ಇಂಥ ಗೆಲುವು ಯಾರಿಗೆ ಸಿಕ್ಕೀತು? ಚಾಚಾ ವಾರವಿಡೀ ಬೀಗಿದರು.

ಅದೇ ಚಳಿಗಾಲದಲ್ಲಿ ಚಾಚಿಗೆ ಥೈರಾಯ್ಡ್ ಆಪರೇಷನ್ ಆಯಿತು. ದನಿ ಮರಳಲು ಸಮಯ ಹಿಡಿಯುತ್ತದೆ, ಮರಳದೆಯೂ ಇರಬಹುದು ಎಂದರು ಡಾಕ್ಟರು. ಚಾಚಿ ಕೈಸನ್ನೆಯಲ್ಲೇ ದಿನ ತಳ್ಳಿದರು. ರೇಡಿಯೊ ಮೂಲೆ ಸೇರಿತು, ಕಿಟಕಿ ಮುಚ್ಚಿತು. ಅಜ್ಜಿ ಎರಡು ಸಲ ಕುಂಬಳಕಾಯಿ ಸೂಪ್ ತಂದುಕೊಟ್ಟು, ಏನೂ ಕೇಳದೆ ಹೋದರು. ಚಾಚಾ ಹಾಸಿಗೆಯ ಮೇಲೆ ಒದ್ದೆ ಟವೆಲ್ ಎಸೆದು ನೋಡಿದರು, ಚಹಾಕ್ಕೆ ಉಪ್ಪು ಹಾಕಿ ನೋಡಿದರು. ಚಾಚಿ ಸುಮ್ಮನೆ ನಕ್ಕರು.

ಐದನೆಯ ವಾರ ನಾನು ಗಂಜಿ ಕೊಡಲು ಹೋಗಿದ್ದೆ. ಚಾಚಾ ಕೆಸರು ಬೂಟಿನಲ್ಲಿ, ಆಗತಾನೆ ಒರೆಸಿದ ಅಡುಗೆಮನೆಗೆ ನೇರ ನಡೆದು ಬಂದರು.

"ಬೂಟು…" ನೂಲಿನಷ್ಟು ಸಣ್ಣ, ಒರಟು ದನಿ. "ಹೊರಗ ಬಿಡ್ರಿ."

ಚಾಚಾ ಅದೇ ಬೂಟಿನಲ್ಲಿ ನೆಲವೆಲ್ಲ ತುಳಿಯುತ್ತ ಹೋಗಿ ಕಿಟಕಿ ತೆರೆದರು. ಪಕ್ಕದ್ದನ್ನೂ ತೆರೆದರು.

ಬೇಲಿಯಾಚೆ ಅಜ್ಜಿಯ ಕಿಟಕಿಯೂ ತೆರೆಯಿತು.