ನಲವತ್ತೊಂಬತ್ತನೆಯ ನಂಬರಿನ ಹೆಡ್‌ಫೋನು

ಯಾವ ವಸ್ತುವನ್ನೇ ಆಗಲಿ, ಕೈಯಲ್ಲಿ ಎತ್ತಿ ತೂಗಿ ನೋಡದೆ ಕೊಳ್ಳುವುದು ನನ್ನಿಂದ ಆಗದ ಕೆಲಸ. ಜನ ಬಣ್ಣ ನೋಡುತ್ತಾರೆ, ಕಂಪನಿ ನೋಡುತ್ತಾರೆ, ಈಗೀಗ ಮೊಬೈಲಿನಲ್ಲಿ ಗುರುತು ಪರಿಚಯವಿಲ್ಲದವರು ಕೊಟ್ಟ ನಕ್ಷತ್ರಗಳನ್ನು ಎಣಿಸುತ್ತಾರೆ. ನಾನು ಭಾರ ನೋಡುತ್ತೇನೆ. ಮದರಾಸಿನ ಎಗ್ಮೋರಿನ ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆಯ ಮೇಲ್ವಿಚಾರಣೆಯಲ್ಲಿ ಇಪ್ಪತ್ತಾರು ವರ್ಷ ಕಳೆದವನಿಗೆ ಬೇರೆ ಬುದ್ಧಿ ಬರುವುದಾದರೂ ಹೇಗೆ? ನಮ್ಮಲ್ಲಿ ಪಾತ್ರೆ ಎಂದರೆ ದಿನಕ್ಕೆ ಮೂರು ಸಲ ನೆಲಕ್ಕೆ ಬೀಳುವ ವಸ್ತು. ಬಿದ್ದ ಮೇಲೂ ಅದು ಪಾತ್ರೆಯಾಗಿಯೇ ಉಳಿಯಬೇಕು. ತಳ ದಪ್ಪ ಇದೆಯೇ, ಅಂಚು ಮಡಚಿದ್ದಾರೆಯೇ, ಹಿಡಿಗೆ ಬರೀ ಬೆಸುಗೆ ಹಾಕಿದ್ದಾರೋ ರಿವೆಟ್ ಹೊಡೆದಿದ್ದಾರೋ, ಇವಿಷ್ಟನ್ನು ನೋಡದೆ ನಾನು ಒಂದು ಸೌಟನ್ನೂ ಒಳಗೆ ಬಿಟ್ಟವನಲ್ಲ. ಹೆಣ್ಣು ನೋಡಲು ಉಡುಪಿಗೆ ಹೋದಾಗ ಕಾಫಿ ಕುಡಿದು ಮುಗಿಸಿ ಲೋಟವನ್ನು ಮಗುಚಿ ತಳ ನೋಡಿದೆನೆಂದು ನನ್ನ ಹೆಂಡತಿ ಸುಮತಿ ಇಂದಿಗೂ ಹೇಳುತ್ತಾಳೆ. ಅವಳ ಮುಖವನ್ನು ನಾನು ನೋಡಿದ್ದು ಆಮೇಲಂತೆ.

ಇಂಥ ಮನುಷ್ಯನ ಮನೆಯಲ್ಲಿ ಎರಡು ವರ್ಷದಲ್ಲಿ ನಾಲ್ಕು ಹೆಡ್‌ಫೋನು ಮುರಿದವು ಎಂದರೆ ಎಂಥ ಅವಮಾನ ನೋಡಿ. ಪುರಸೈವಾಕ್ಕಂನಲ್ಲಿರುವ ನಮ್ಮ ಮನೆಯೆಂದರೆ ಒಂದು ಹಾಲ್, ಒಂದು ಕೋಣೆ, ಕೆಳಗೆ ಬೆಳಗಿನಿಂದ ರಾತ್ರಿಯವರೆಗೆ ಸೀರೆ ಅಂಗಡಿಗಳ ಮೈಕು. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು ಇಲ್ಲದೆ ನಮ್ಮಲ್ಲಿ ಏನನ್ನೂ ಕೇಳುವ ಹಾಗಿಲ್ಲ. ಮೂವರಿಗೂ ಸೇರಿ ಒಂದೇ. ಮನೆಗೊಂದು ರುಬ್ಬುವ ಯಂತ್ರ ಸಾಕಾಗುವಾಗ ಹೆಡ್‌ಫೋನು ಮೂರು ಯಾಕೆ ಎಂಬುದು ನನ್ನ ವಾದ. ಮಧ್ಯಾಹ್ನ ಊಟವಾದ ಮೇಲೆ ಸುಮತಿಯ ಸಿನಿಮಾ. ನಾಲ್ಕು ಗಂಟೆಗೆ ನಾನು ಹೋಟೆಲಿನಿಂದ ಬಂದು ಕಾಲು ಚಾಚಿ ಸಂಗೀತ ಕೇಳುವುದು. ಆರರ ಮೇಲೆ ಅದು ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿ, ಓದುತ್ತಿರುವ ಮಗಳು ಚೈತ್ರಳದು. ಅವಳು ಕಂಪ್ಯೂಟರಿನ ಮುಂದೆ ಕುಳಿತು, ಕೊಯಮತ್ತೂರಿನಲ್ಲೋ ಮಧುರೆಯಲ್ಲೋ ಇರುವ ಸ್ನೇಹಿತೆಯರ ಜೊತೆ ಸೇರಿಕೊಂಡು, ಯಾರನ್ನೋ ಹುಡುಕಿ ಹುಡುಕಿ ಗುಂಡು ಹಾರಿಸುತ್ತಾಳೆ.

ಮೊದಲನೆಯದರ ಮೇಲೆ ಸುಮತಿ ಕುಳಿತಳು. ಎರಡನೆಯದರ ವೈರು ಚೈತ್ರಳ ಕುರ್ಚಿಯ ಗಾಲಿಗೆ ಸಿಕ್ಕಿತು. ಮೂರನೆಯದರ ಮೆತ್ತೆ ಮದರಾಸಿನ ಬೆವರು ಕುಡಿದೂ ಕುಡಿದೂ ಕಪ್ಪಗೆ ಉದುರತೊಡಗಿತು. ಒಂದು ಸಂಜೆ ಏನೋ ಕೆಲಸವೆಂದು ತಿರುಗಿ ಹೋಟೆಲಿಗೆ ಹೋಗಿ ನಿಂತರೆ, ಎಷ್ಟೋ ವರ್ಷದಿಂದ ಬರುವ ಗಿರಾಕಿಯೊಬ್ಬರು ನನ್ನ ಕಿವಿಗೆ ಅಂಟಿದ ಕರಿಯನ್ನೇ ದಿಟ್ಟಿಸಿ, ದೋಸೆ ಸ್ವಲ್ಪ ಸೀದಿರಬೇಕಲ್ಲವೇ ಎಂದು ಬಹಳ ಸೌಜನ್ಯದಿಂದ ಕೇಳಿದರು. ನಾಲ್ಕನೆಯದನ್ನು ಮುರಿದವನು ನಾನು. ನನ್ನ ತಲೆ ನಮ್ಮ ತಂದೆಯವರ ಕಡೆಯದು, ಅಗಲ. ಸ್ವಲ್ಪ ಹಿಗ್ಗಿಸಿದೆ, ಅಷ್ಟೆ.

ಆ ದಿನ ಚೈತ್ರ ಒಂದು ಮಾತು ಹೇಳಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಈಚೆಗೆ ಆ ಉತ್ತರವೂ ಉದ್ದದಲ್ಲಿ ಕಡಿಮೆಯಾಗುತ್ತ ಬಂದು 'ಸರಿಪ್ಪಾ', 'ಇಲ್ಲೆಪ್ಪಾ' ಎಂಬಲ್ಲಿಗೆ ನಿಂತಿತ್ತು. ನಾನು ಆರಿಸಿದ ಶಾಲೆಯ ಚೀಲ, ನಾನು ಆರಿಸಿದ ಸೈಕಲ್ಲು ಯಾವುದೂ ಅವಳಿಗೆ ಹಿಡಿಸಿದ್ದಿಲ್ಲ. ಅಂಥವಳು ಮುರಿದ ಎರಡು ತುಂಡುಗಳನ್ನು ಕೈಯಲ್ಲಿ ಹಿಡಿದುಕೊಂಡು, "ಇಂದ ವಾಟಿ ನೀಯೇ ಸೆಲೆಕ್ಟ್ ಪಣ್ಣುಪ್ಪಾ, ನಾನುಂ ವರೇನ್" ಎಂದಳು. ಈ ಸಲ ಆರಿಸುವವನು ನಾನೇ, ಜೊತೆಗೆ ಅವಳೂ ಬರುತ್ತಾಳೆ! ಅವಳು ನನ್ನ ಜೊತೆ ಅಂಗಡಿಗೆ ಬಂದು ಎರಡು ವರ್ಷವಾಗಿತ್ತು. ನನಗೆ ಆದ ಸಂತೋಷವನ್ನು ಮುಚ್ಚಿಟ್ಟುಕೊಳ್ಳಲು ಅಡುಗೆಮನೆಗೆ ಹೋಗಿ ಸುಮ್ಮನೆ ನೀರು ಕುಡಿದೆ. ಈ ಸಲ ತಪ್ಪಬಾರದು ಎಂದುಕೊಂಡೆ. ಹೆಡ್‌ಫೋನಿನ ಮಾತು ಹಾಗಿರಲಿ, ಮಗಳ ಹತ್ತಿರ ಒಂದು ಸಲವಾದರೂ ಒಳ್ಳೆಯ ಹೆಸರು ತೆಗೆದುಕೊಳ್ಳಬೇಕಿತ್ತು.

ಭಾನುವಾರ ಎಲೆಕ್ಟ್ರಾನಿಕ್ ಅಂಗಡಿಗಳ ರಿಚ್ಚಿ ಸ್ಟ್ರೀಟಿಗೆ ಹೋದೆವು. ಅಂಗಡಿಯವನು ಒಂದೊಂದೇ ಪೆಟ್ಟಿಗೆ ತೆರೆದು ಶಬ್ದದ ಆಳ, ಅಗಲ ಎಂದು ವರ್ಣಿಸತೊಡಗಿದ. ನಾನು ಹೆಡ್‌ಫೋನಿನ ಒಂದು ತುದಿ ಹಿಡಿದು ಕಿವಿಯ ಹತ್ತಿರ ಅಲುಗಾಡಿಸಿದೆ. ಕೀಲಿನಲ್ಲಿ ಕಟಕಟ ಎಂದದ್ದನ್ನೆಲ್ಲ ಪಕ್ಕಕ್ಕಿಟ್ಟೆ. ಮಡಚುವಂಥದ್ದು ಬೇಡವೆಂದೆ, ಪಾತ್ರೆಯಾಗಲಿ ಇದಾಗಲಿ, ಮೊದಲು ಸೋಲುವುದು ಜೋಡಣೆಯೇ. ಒಂದನ್ನು ಮೊಣಕಾಲೆತ್ತರದಿಂದ ಬೀಳಿಸಿ ನೋಡಬಹುದೇ ಎಂದು ಕೇಳಿದಾಗ ಅವನು ಚೈತ್ರಳ ಮುಖ ನೋಡಿದ. ಅವಳು ನೆಲ ನೋಡಿದಳು. ಆದರೂ ಅವನು ಕೊನೆಗೆ ಕಪಾಟಿನ ಹಿಂಭಾಗದಿಂದ ಒಂದನ್ನು ತೆಗೆದು ನನ್ನ ಕೈಗಿತ್ತ. ಉಕ್ಕಿನ ಪಟ್ಟಿ, ಕಣ್ಣಿಗೆ ಕಾಣುವ ಸ್ಕ್ರೂಗಳು, ಕಳಚಿ ಬೇರೆ ಹಾಕಬಹುದಾದ ವೈರು, ಉದುರಿದರೆ ಬದಲಾಯಿಸಲು ಬರುವ ಬಟ್ಟೆಯ ಮೆತ್ತೆ. ಕೈಗೆ ಭಾರ ಹತ್ತಿತು. ಕಿವಿಗಿಟ್ಟು ಒಂದು ಆಲಾಪನೆ ಹಾಕಿಸಿದರೆ, ಗಾಯಕರು ಉಸಿರು ತೆಗೆದುಕೊಂಡದ್ದೂ ಹಿಂದಿನ ತಂಬೂರಿಯೂ ಬೇರೆ ಬೇರೆಯಾಗಿ ಕೇಳಿಸಿದವು. ಚೈತ್ರ ಹಾಕಿಕೊಂಡು ಫೋನಿನಲ್ಲಿ ತನ್ನ ಆಟ ತೆರೆದಳು. ಶತ್ರುವಿನ ಹೆಜ್ಜೆ ಯಾವ ಕಡೆಯಿಂದ ಬರುತ್ತದೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಂತೆ. ಸುಮತಿಗೆ ಫೋನು ಮಾಡಿದೆ. ಅವಳು ಸಿನಿಮಾದ ಮಾತು ಎತ್ತಲೇ ಇಲ್ಲ. "ಕಿವಿ ಬೆವರ್ತದಾ ಕೇಳಿ ಮಾರಾಯ್ರೆ, ಉಳಿದದ್ದೆಲ್ಲ ಆಮೇಲೆ" ಎಂದಳು. ನಾವಿಬ್ಬರೂ ಮರೆತೇಬಿಟ್ಟಿದ್ದ ಪ್ರಶ್ನೆ ಅದು. ಬಟ್ಟೆಯ ಮೆತ್ತೆ, ಅಷ್ಟು ಬೆವರುವುದಿಲ್ಲ ಎಂದ ಅಂಗಡಿಯವನು. ಬಸ್ಸಿನಲ್ಲಿ ಬರುತ್ತ ಚೈತ್ರ ದಾರಿಯುದ್ದಕ್ಕೂ ಮಾತಾಡಿದಳು. ಮಧುರೆಯ ಸ್ನೇಹಿತೆಗೆ ಎರಡು ಬೆಕ್ಕುಗಳಿವೆ, ಆಟದ ಮಧ್ಯೆ ಅವು ಕೀಲಿಮಣೆಯ ಮೇಲೆ ಹತ್ತಿ ಇವರನ್ನೆಲ್ಲ ಸೋಲಿಸುತ್ತವೆ ಎಂಬುದು ನನಗೆ ತಿಳಿದದ್ದು ಆಗಲೇ.

ಅಲ್ಲಿಂದ ನೇರ ಮನೆಗೆ ಹೋಗಿದ್ದರೆ ನಾನು ಗೆದ್ದಿದ್ದೆ. ಆದರೆ ಹೋಟೆಲಿಗೆ ಆರು ಹೊಸ ಸಾಂಬಾರ್ ಬಕೆಟ್ಟುಗಳು ಪುರಸೈವಾಕ್ಕಂನ ಪಾತ್ರೆ ಅಂಗಡಿಯಲ್ಲಿ ಸಿದ್ಧವಾಗಿದ್ದವು. ಪಾತ್ರೆ ಕೊಂಡ ಮೇಲೆ ಅದರ ಮೇಲೆ ಹೆಸರು ಕೊರೆಸದೆ ಮನೆಗೆ ತರುವವರು ನಮ್ಮಲ್ಲಿ ಯಾರೂ ಇಲ್ಲ. ಹೋಟೆಲಿನವರಿಗಂತೂ ಅದು ಪ್ರಾಣದ ಪ್ರಶ್ನೆ. ಮದುವೆ ಮನೆಗೆ ಊಟ ಕಳಿಸಿದರೆ ಹೆಸರಿಲ್ಲದ ಪಾತ್ರೆ ತಿರುಗಿ ಬರುವುದಿಲ್ಲ. ಚೈತ್ರ ಎದುರುಗಡೆ ರೋಸ್ ಮಿಲ್ಕ್ ಕುಡಿಯಲು ಹೋಗಿದ್ದಳು. ನನ್ನ ಕೈಯಲ್ಲಿ ಹೊಚ್ಚ ಹೊಸ ವಸ್ತು, ಅದೂ ಉಕ್ಕಿನದು. ಕೊರೆಯುವವನ ಯಂತ್ರ ಗುಂಯ್‌ಗುಡುತ್ತಿತ್ತು. ಮಗಳ ಹೆಸರು ಹಾಕಿಸಿ ಅವಳನ್ನು ಅಚ್ಚರಿಗೊಳಿಸೋಣವೆಂದು ಪೆಟ್ಟಿಗೆ ಒಡೆದು ಬಕೆಟ್ಟುಗಳ ಸಾಲಿನ ಕೊನೆಗೆ ಇಟ್ಟು, ದುಡ್ಡು ಕೊಡುವ ಕಡೆ ತಿರುಗಿದೆ. ಹದಿನೈದು ವರ್ಷದಿಂದ ನಮ್ಮ ಪಾತ್ರೆಗಳಿಗೆ ಕೊರೆಯುತ್ತಿರುವವನಿಗೆ ಹೆಸರು ಕೇಳುವ ಅಭ್ಯಾಸವೇ ಇಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಬಕೆಟ್ಟುಗಳ ಮೇಲೆ ಹೋಟೆಲಿನ ಮೂರಕ್ಷರವೂ ನಲವತ್ತಮೂರರಿಂದ ನಲವತ್ತೆಂಟರವರೆಗಿನ ಅಂಕೆಗಳೂ ಬಂದಿದ್ದವು. ಹೆಡ್‌ಫೋನಿನ ಪಟ್ಟಿಯ ಮೇಲೆ, ಕಪ್ಪು ಬಣ್ಣ ಕಿತ್ತು, ಬೆಳ್ಳಗೆ ಅದೇ ಮೂರಕ್ಷರ ಮತ್ತು ನಲವತ್ತೊಂಬತ್ತು.

ಚೈತ್ರ ಬಂದು ನೋಡಿದಳು. "ವಾರಂಟಿ ಪೋಚ್ಚುಪ್ಪಾ" ಎಂದಳು. ವಾರಂಟಿ ಹೋಯಿತಂತೆ. ನನ್ನ ಮುಖ ಹೇಗಾಗಿತ್ತೋ ಏನೋ, ಆಮೇಲೆ ಅವಳು ನಗಲು ಶುರುಮಾಡಿದವಳು ಅಂಗಡಿಯ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟಳು. ಅಲ್ಲಿಂದಲೇ ಸ್ನೇಹಿತೆಯರಿಗೆ ಫೋಟೋ ಹೋಯಿತು. ಅವರಲ್ಲಿ ಯಾರ ಹತ್ತಿರವೂ ನಂಬರು ಇರುವ ಹೆಡ್‌ಫೋನು ಇಲ್ಲವಂತೆ. ಆಟದಲ್ಲಿ ಅವಳ ಹೆಸರು ಈಗ ಸಾಂಬಾರ್ ನಲವತ್ತೊಂಬತ್ತು.

ಹೆಡ್‌ಫೋನು ಗಟ್ಟಿ ಎಂಬುದರಲ್ಲಿ ಸಂಶಯವಿಲ್ಲ. ಒಂಬತ್ತು ತಿಂಗಳಾಯಿತು, ಅದರ ಒಂದು ಸ್ಕ್ರೂ ಸಡಿಲವಾಗಿಲ್ಲ. ನನ್ನ ತಲೆಗೂ ಅದು ಹೆದರಲಿಲ್ಲ. ಆರಾದರೆ ಚೈತ್ರ ಹಾಕಿಕೊಳ್ಳುತ್ತಾಳೆ, ಎಂಟೂವರೆಗೆ ಊಟಕ್ಕೆ ತೆಗೆಯುತ್ತಾಳೆ. ಸುಮತಿ ನನ್ನ ಆಯ್ಕೆಯನ್ನು ತನ್ನ ತಂಗಿಗೆ ಫೋನಿನಲ್ಲಿ ಹೊಗಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಇಷ್ಟೆಲ್ಲ ಆದರೂ ಸಂಜೆ ಹೊತ್ತಿಗೆ ಏನೋ ಕಳೆದುಕೊಂಡವನ ಹಾಗೆ ನಾನು ಮನೆಯೊಳಗೆ ಸುಳಿದಾಡತೊಡಗಿದೆ. ಹಳೆಯ ಹೆಡ್‌ಫೋನುಗಳು ಮುರಿದು, ಹೊಸದು ಬರುವವರೆಗಿನ ಆ ಐದಾರು ಸಂಜೆಗಳು ನೆನಪಾದವು. ಆ ಸಂಜೆಗಳಲ್ಲಿ ಚೈತ್ರ ಮಾಡಲು ಕೆಲಸವಿಲ್ಲದೆ ಅಡುಗೆಮನೆಯ ಕಟ್ಟೆಯ ಮೇಲೆ ಹತ್ತಿ ಕುಳಿತು, ಕಾಲು ಅಲ್ಲಾಡಿಸುತ್ತ, ತರಗತಿಯ ಮೇಡಂ ನಡೆಯುವ ರೀತಿಯನ್ನೆಲ್ಲ ಮಾಡಿ ತೋರಿಸುತ್ತಿದ್ದಳು. ವರ್ಷಕ್ಕೆ ಎರಡು ಸಲ ಬರುತ್ತಿದ್ದ ಆ ವಾರವನ್ನು ನಾನೇ ಬಸ್ಸು ಹತ್ತಿ ಹೋಗಿ, ಅಲುಗಾಡಿಸಿ ನೋಡಿ, ಹುಡುಕಿ ನಿಲ್ಲಿಸಿ ಬಂದಿದ್ದೆ. ಇದು ಹೊಳೆದಾಗ ನನಗೆ ನಿಜವಾಗಿಯೂ ದುಃಖವಾಯಿತು.

ಹೋದ ವಾರ ಫ್ರಿಜ್ಜಿನ ಮೇಲಿಂದ ಹೆಡ್‌ಫೋನು ಬಿತ್ತು. ಸುಮತಿ ಬಾಗಿಲು ತೆಗೆದ ಅಲುಗಾಟಕ್ಕೆ ಜಾರಿ, ಆಳೆತ್ತರದಿಂದ ನೇರ ಮೊಸಾಯಿಕ್ ನೆಲಕ್ಕೆ. ಮೂವರೂ ಓಡಿದೆವು. ಒಂದು ಗೀರೂ ಇಲ್ಲ. ನೆಲದ ಮೊಸಾಯಿಕ್ ಮಾತ್ರ ಒಂದು ಚೂರು ಎದ್ದಿತ್ತು. "ನಿಮ್ಮ ಆಯ್ಕೆ ಅಂದ್ರೆ ಆಯ್ಕೆ" ಎಂದು ಸುಮತಿ ಒಳಗೆ ಹೋದಳು. ಚೈತ್ರ ಹೋಗಲಿಲ್ಲ. ಅವಳು ಅದನ್ನು ಗೋಡೆಯ ಮೊಳೆಗೆ ತಗಲಿಸಿ ಹೋಗಿದ್ದಳು; ಫ್ರಿಜ್ಜಿನ ತುತ್ತತುದಿಗೆ ಅದು ಹೇಗೆ ಹೋಯಿತೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಬೀಳಿಸಿದವನಲ್ಲ, ಇಟ್ಟವನು ಅಷ್ಟೆ. ಅವಳು ಹೆಡ್‌ಫೋನನ್ನು ಕುತ್ತಿಗೆಗೆ ಹಾಕಿಕೊಂಡು, "ಕೂಪ್ಟಾ ಪೋದುಂಪ್ಪಾ" ಎಂದಳು. ಕರೆದರೆ ಸಾಕಪ್ಪ.

ಎಷ್ಟು ಸುಲಭ ನೋಡಿ. ನಿನ್ನೆ ಸಂಜೆ ಏಳು ಗಂಟೆಗೆ ಧೈರ್ಯ ಮಾಡಿ ಹೆಗಲು ತಟ್ಟಿ ಕರೆದೇಬಿಟ್ಟೆ. ಅವಳು ಸ್ನೇಹಿತೆಯರಿಗೆ ಎರಡು ನಿಮಿಷ ಎಂದು ಹೇಳಿ, ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು, ಕುರ್ಚಿ ತಿರುಗಿಸಿ ನನ್ನ ಕಡೆ ನೋಡುತ್ತ ಕುಳಿತಳು. ಅವಳ ಕಿವಿಗಳೆರಡೂ ನನಗಾಗಿ ಖಾಲಿ ಇದ್ದವು. ಒಂಬತ್ತು ತಿಂಗಳಿಂದ ಕೂಡಿಟ್ಟ ಮಾತುಗಳಲ್ಲಿ ಒಂದಾದರೂ ಬಾಯಿಗೆ ಬಂದಿದ್ದರೆ! "ಹೆಡ್‌ಫೋನು ಸರಿ ಉಂಟಲ್ಲ?" ಎಂದು ಕೇಳಿದೆ. ಸರಿ ಇದೆ ಎಂದಳು. ಹಾಗಾದರೆ ಆಯಿತು ಎಂದು ಹೇಳಿ ಒಳಗೆ ಬಂದುಬಿಟ್ಟೆ.