ಹಿಂದಕ್ಕೆ ಹೋಗದ ಜೀಪು

ಹಳೆಯ ಗಾಡಿ ಮಾರುವವನು ಅದರ ಕುಂದನ್ನು, ಕೊಳ್ಳುವವನು ಕೇಳುವ ಮೊದಲೇ ಹೇಳತಕ್ಕದ್ದು. ಇದು ನಿಯಮ. ಚಿಕ್ಕಬಳ್ಳಾಪುರದ ನನ್ನ ಜೀಪಿನಂಗಡಿಯ ಗೋಡೆಯ ಮೇಲೆ ಇದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿದ್ದೆ. ಅಕ್ಷರಗಳು ಸಾಲಿನಲ್ಲಿಲ್ಲವೆಂದು ಬೋರ್ಡು ಬರೆಯುವವನ ಕೈಯಲ್ಲಿ ಎರಡು ಸಲ ಅಳಿಸಿ ಬರೆಸಿದ್ದೆ. ಈ ಬರಹದಲ್ಲಿ ಬರುವ ವ್ಯಾಪಾರಸ್ಥರೆಲ್ಲ ಆ ನಿಯಮವನ್ನು ಮುರಿದವರೇ, ಒಬ್ಬನನ್ನು ಬಿಟ್ಟು. ಆ ಒಬ್ಬ ನಾನಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ನೀವು ಕೇಳುವ ಮೊದಲೇ ಹೇಳಬೇಕಲ್ಲ.

ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಜೀಪುಗಳನ್ನು ಬೆಂಗಳೂರಿನಲ್ಲಿ ಹರಾಜು ಹಾಕುತ್ತಿದ್ದರು. ಐವತ್ತರ ದಶಕದಲ್ಲಿ ನಾನು ಅವನ್ನು ತಂದು, ಬಿಚ್ಚಿ, ಮತ್ತೆ ಕಟ್ಟಿ ಮಾರುವ ಕೆಲಸಕ್ಕೆ ಕೂತೆ. ಜೊತೆಗೆ ಬಿಡಿಭಾಗಗಳು, ಸೈನ್ಯದ ಪೆಟ್ರೋಲ್ ಡಬ್ಬಿಗಳು, ಉಕ್ಕಿನ ಟೋಪಿಗಳು, ಧೂಳಿನ ಕನ್ನಡಕಗಳು. "ಇಂಗ್ಲಿಷ್ ಸ್ಕೂಲಿಗೆ ಹಾಕಿದ್ದು ಗುಜರಿ ಮಾರೋಕಾ?" ಎಂದು ನಮ್ಮಪ್ಪ ಕೇಳಿದರು. ಗುಜರಿ ಅಲ್ಲ, ಮೋಟಾರು ಎಂದು ತಿದ್ದಿದೆ.

ಈ ವ್ಯಾಪಾರದಲ್ಲಿ ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನೇ ಗಾಡಿ ಓಡಿಸಿಕೊಂಡು ಬರುತ್ತದೆ. ಜೀಪು ಯಾರ ಕೈಗೆ ಹೋದರೂ ಬಿಡಿಭಾಗಕ್ಕೆ ನನ್ನ ಹತ್ತಿರವೇ ಬರಬೇಕಿತ್ತು. ಏನಾಯಿತು, ಹೇಗಾಯಿತು ಎಂದು ಪೂರ್ತಿ ಹೇಳಿಸಿಯೇ ನಾನು ಭಾಗ ಕೊಡುತ್ತಿದ್ದೆ. ಹಾಗಾಗಿ ಒಂದೇ ಒಂದು ಜೀಪು ನಾಲ್ಕು ಊರು ಸುತ್ತಿದ ಸಂಗತಿ ನನಗೆ ಮೊದಲಿನಿಂದ ಕೊನೆಯವರೆಗೆ ಗೊತ್ತು.

೧. ಗೌರಿಬಿದನೂರಿನ ಇಳಿಜಾರು

ಆ ಜೀಪನ್ನು ಮೊದಲು ಮಾರಿದ್ದು ಗೌರಿಬಿದನೂರಿನ ಕಡಲೆಕಾಯಿ ಎಣ್ಣೆ ಮಿಲ್ಲಿನ ಯಜಮಾನರಿಗೆ. ಆಗ ಅದರಲ್ಲಿ ಒಂದು ಕುಂದೂ ಇರಲಿಲ್ಲ. ಒಂದು ತಿಂಗಳಾದ ಮೇಲೆ ಯಜಮಾನರು ತಮ್ಮ ಡ್ರೈವರನ್ನು ಕರೆದುಕೊಂಡು ಬಂದರು.

"ಸ್ವಾಮಿ, ಮುಂದಕ್ಕೆ ಚೆನ್ನಾಗಿ ಹೋಗುತ್ತೆ. ಹಿಂದಕ್ಕೆ ಹೋಗ್ತಿಲ್ಲ."

ಗೇರಿನ ಪೆಟ್ಟಿಗೆ ಬಿಚ್ಚಿ ನೋಡಿದೆ. ರಿವರ್ಸ್ ಗೇರಿನ ಹಲ್ಲುಗಳು ಹುರಿಗಡಲೆ ಪುಡಿಯ ಹಾಗೆ ಎಣ್ಣೆಯ ತಳದಲ್ಲಿ ಕೂತಿದ್ದವು. ಡ್ರೈವರ್ ಹತ್ತು ವರ್ಷ ಎತ್ತಿನ ಗಾಡಿ ಹೊಡೆದ ಮನುಷ್ಯ. ಅವನನ್ನೇ ಕೇಳಿದೆ:

"ಗಾಡಿ ಓಡುತ್ತಿರುವಾಗ ನಿಲ್ಲಿಸೋದು ಹೇಗಪ್ಪಾ?"

"ಮುಂದಕ್ಕೆ ಹೋಗೋದನ್ನ ನಿಲ್ಲಿಸ್ಬೇಕಂದ್ರೆ ಹಿಂದಕ್ಕೆ ಎಳೀಬೇಕು ಸ್ವಾಮಿ. ಎತ್ತಿಗಾದ್ರೆ ಹಗ್ಗ ಐತೆ. ಇದಕ್ಕೆ ಹಗ್ಗ ಇಲ್ಲ, ಅದಕ್ಕೇ ಹಿಂದಿನ ಗೇರು ಹಾಕ್ತೀನಿ."

"ಬ್ರೇಕು ಯಾಕಿದೆ?"

"ಅದು ಕಾಲಲ್ಲಿ ತುಳಿಯೋದು," ಎಂದ, ನನಗೆ ತಿಳಿಯದ್ದನ್ನು ತಿಳಿಸುವ ಹಾಗೆ. "ಕಾಲಲ್ಲಿ ತುಳಿದ್ರೆ ಎತ್ತು ನಿಲ್ಲುತ್ತಾ ಸ್ವಾಮಿ? ಇನ್ನೂ ಜೋರಾಗಿ ಓಡುತ್ತೆ."

ಆ ಹಲ್ಲುಚಕ್ರ ನನ್ನ ಹತ್ತಿರ ಇರಲಿಲ್ಲ. ಬೆಂಗಳೂರಿನಲ್ಲಿ ಹುಡುಕಿದರೂ ಸಿಗಲಿಲ್ಲ. ಯಜಮಾನರು ಜೀಪನ್ನು ಮಾರಿಬಿಡುತ್ತೇನೆ ಎಂದರು. ಕುಂದು ಹೇಳಿ ಮಾರಿ ಎಂದು ಗೋಡೆಯ ಕಡೆ ಕೈ ತೋರಿಸಿದೆ. ಅವರು ಗೋಡೆಗೆ ಕೈಮುಗಿದು ಹೋದರು.

ಕೊಳ್ಳಲು ಶಿಡ್ಲಘಟ್ಟದಿಂದ ರೇಷ್ಮೆ ನೂಲು ತೆಗೆಸುವ ಒಬ್ಬರು ಬಂದರಂತೆ. ಅಷ್ಟು ಹೊತ್ತಿಗೆ ಯಜಮಾನರು ಮಿಲ್ಲಿನ ಮುಂದಿನ ದಿಬ್ಬಕ್ಕೆ ಜೀಪನ್ನು ಮೂತಿ ಮೇಲೆ ಮಾಡಿ ನಿಲ್ಲಿಸಿದ್ದರು.

"ಹಿಂದಕ್ಕೆ ಬರುತ್ತಾ?" ಎಂದು ಶಿಡ್ಲಘಟ್ಟದವರು ಕೇಳಿದರು.

"ನೋಡಿ," ಎಂದು ಯಜಮಾನರು ಕೈಬ್ರೇಕು ಸಡಿಲಿಸಿದರು. ಜೀಪು ತಣ್ಣಗೆ ಇಳಿದು ಬಂತು. ಇಂಜಿನ್ನನ್ನು ಯಾರೂ ಶುರು ಮಾಡಿರಲಿಲ್ಲ.

"ನಮ್ಮ ನೆಂಟರ ಜೀಪು ಹಿಂದಕ್ಕೆ ಬರುವಾಗ ಕಿರುಚುತ್ತೆ. ಇದು ಬೆಕ್ಕಿನ ಹಾಗೆ ಬರುತ್ತಲ್ರೀ," ಎಂದು ಶಿಡ್ಲಘಟ್ಟದವರು ಚೌಕಾಸಿಯನ್ನೂ ಮಾಡದೆ ಕೊಂಡುಹೋದರು.

ಮುಂದೆ ಯಜಮಾನರು ಸಿಕ್ಕಾಗ ನಾನು ಬಿಡಲಿಲ್ಲ. "ಕುಂದು ಯಾಕೆ ಹೇಳಲಿಲ್ಲ?"

"ಹಿಂದಕ್ಕೆ ಬರುತ್ತಾ ಅಂತ ಕೇಳಿದ್ರು ಸ್ವಾಮಿ, ಬಂತು. ಯಾಕೆ ಬಂತು ಅಂತ ಕೇಳಲಿಲ್ಲ."

೨. ಶಿಡ್ಲಘಟ್ಟದ ಕೆಂಪು ಬಟ್ಟೆ

ಶಿಡ್ಲಘಟ್ಟದಲ್ಲಿ ದಿಬ್ಬ ಕಡಿಮೆ, ಓಣಿ ಹೆಚ್ಚು. ಮೂರನೇ ದಿನವೇ ಒಂದು ಓಣಿಯಲ್ಲಿ ಜೀಪಿಗೆ ಸೌದೆ ತುಂಬಿದ ಎತ್ತಿನ ಗಾಡಿ ಎದುರಾಯಿತು.

"ನೀವು ಹಿಂದಕ್ಕೆ ತಗೊಳ್ಳಿ ಸ್ವಾಮಿ, ನಿಮ್ಮದು ಮೋಟಾರು," ಎಂದ ಗಾಡಿಯವನು.

"ನಿನ್ನ ಎತ್ತು ಹಿಂದಕ್ಕೆ ಹೋಗಲ್ವೇನೋ?"

"ಮೋಟಾರೇ ಹೋಗ್ತಿಲ್ಲ, ಎತ್ತು ಎಲ್ಲಿ ಹೋಗುತ್ತೆ?"

ಸೌದೆ ಇಳಿಸಿ, ಎತ್ತು ಬಿಚ್ಚಿ, ಗಾಡಿಯನ್ನು ಎತ್ತಿ ಒಂದು ಜಗಲಿಯ ಮೇಲಿಟ್ಟು ಜೀಪನ್ನು ಆಚೆ ದಾಟಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಆ ಜಗಲಿಯ ಮನೆಯವರು ಎಲ್ಲರಿಗೂ ಮಜ್ಜಿಗೆ ಕೊಟ್ಟರಂತೆ.

ಅಂದಿನಿಂದ ಮಾಲೀಕರು ಒಂದು ಏರ್ಪಾಡು ಮಾಡಿಕೊಂಡರು. ನೂಲಿನ ಕೆಲಸದವನೊಬ್ಬ ಕೆಂಪು ಬಟ್ಟೆ ಹಿಡಿದು ಜೀಪಿನ ಮುಂದೆ ಓಡಬೇಕು, ಓಣಿಯ ಆ ತುದಿಯಲ್ಲಿ ಬರುವ ಗಾಡಿಗಳನ್ನು ತಡೆಯಬೇಕು. ಜನ ನೋಡಿದರು. ಮುಂದೆ ಒಬ್ಬ ಓಡುತ್ತಾನೆ, ಹಿಂದೆ ಜೀಪು ಬರುತ್ತದೆ, ಒಳಗೆ ಕೋಟು ತೊಟ್ಟವರು ಬೆವರುತ್ತ ಕೂತಿದ್ದಾರೆ. ಅಮಲ್ದಾರರೇ ಇರಬೇಕೆಂದು ಓಣಿ ಓಣಿಯಲ್ಲೂ ಅರ್ಜಿ ಕೊಡತೊಡಗಿದರು.

"ನೀವು ತಗೊಂಡಿರಾ?" ಎಂದು ಬಿಡಿಭಾಗಕ್ಕೆ ಬಂದ ಮಾಲೀಕರನ್ನು ಕೇಳಿದೆ.

"ಇನ್ನೇನು ಮಾಡಲಿ ಸಾರ್? ಬೇಡ ಅಂದ್ರೆ ಜೀಪಿಗೆ ಅಡ್ಡ ನಿಲ್ತಾರೆ. ಅಡ್ಡ ನಿಂತರೆ ನನಗೆ ಹಿಂದಕ್ಕೆ ಹೋಗೋ ದಾರಿ ಇಲ್ಲ."

ಆ ಅರ್ಜಿಗಳ ಕಟ್ಟನ್ನು ನನ್ನ ಮುಂದಿಟ್ಟರು. ನಾನು ಒಂದೊಂದನ್ನೂ ಓದಿದೆ. ದನದ ದೊಡ್ಡಿಯ ಮೇಲೆ ಒಂದು, ಬಾವಿಯ ಮೇಲೆ ಎರಡು. ಕೊನೆಯದು ಅಂದವಾದ ಅಕ್ಷರದಲ್ಲಿತ್ತು: ನಮ್ಮ ಓಣಿಯಲ್ಲಿ ಒಂದು ಜೀಪು ಬಂದು ಸಿಕ್ಕಿಕೊಂಡು ಸಾರ್ವಜನಿಕರಿಗೆ ತೊಂದರೆಯಾಗುತ್ತಿದೆ, ಖಾವಂದರು ಖುದ್ದು ಬಂದು ನೋಡಿ ಕ್ರಮ ಜರುಗಿಸಬೇಕು.

೩. ಚಿಂತಾಮಣಿಯ ಬರ್ಮಾ ಯುದ್ಧ

ಚಿಂತಾಮಣಿಯಲ್ಲಿ ಒಬ್ಬ ಹುಣಸೆಹಣ್ಣಿನ ವ್ಯಾಪಾರಿಗೆ ಸೈನ್ಯದ ಸಾಮಾನಿನ ಹುಚ್ಚು. ನನ್ನಿಂದ ಉಕ್ಕಿನ ಟೋಪಿ, ಧೂಳಿನ ಕನ್ನಡಕ ಎರಡನ್ನೂ ಕೊಂಡು, ತಕ್ಕಡಿಯ ಮುಂದೆ ಅದೇ ವೇಷದಲ್ಲಿ ಕೂರುತ್ತಿದ್ದರು. ಶಿಡ್ಲಘಟ್ಟದವರಿಗೆ ಇಂಥವರೇ ಬೇಕಾಗಿತ್ತು. ಜೀಪಿನ ಹಿಂಬದಿಯಲ್ಲಿ, ದೀಪದ ತಂತಿ ಹಾಯಿಸಲೆಂದು ನಮ್ಮ ಮೇಸ್ತ್ರಿ ಕೊರೆದ ಒಂದು ತೂತಿತ್ತು. ಅದನ್ನು ತೋರಿಸಿ, "ಬರ್ಮಾದಲ್ಲಿ ಬಿದ್ದ ಗುಂಡು," ಎಂದರಂತೆ. ವ್ಯಾಪಾರಿ ತೂತಿಗೆ ಬೆರಳಿಟ್ಟು ಕಣ್ಣು ಒದ್ದೆ ಮಾಡಿಕೊಂಡರು. ಗೇರಿನ ಸುದ್ದಿಯೇ ಬರಲಿಲ್ಲ.

ಅಂಬಾಜಿದುರ್ಗದ ಕಡೆ ಹೋದಾಗ ಸುದ್ದಿ ತಾನಾಗಿ ಬಂತು. ಬೆಟ್ಟದ ಬುಡದಲ್ಲಿ ದಾರಿ ಮುಗಿಯಿತು. ತಿರುಗಿಸಲು ಜಾಗವಿಲ್ಲದೆ ಒಬ್ಬರ ರಾಗಿ ಹೊಲದೊಳಗೆ ಇಳಿದು, ಒಂದು ದೊಡ್ಡ ಸುತ್ತು ಹಾಕಿ ಮೇಲೆ ಬಂದರು. ಹೊಲದವರು ಸುಮ್ಮನಿರುತ್ತಾರೆಯೇ? ತಲೆಯ ಮೇಲಿನ ಉಕ್ಕಿನ ಟೋಪಿಯನ್ನು ಕಿತ್ತಿಟ್ಟುಕೊಂಡು ಕಳಿಸಿದರು. ಬಹಳ ದಿನ ಅದರಲ್ಲಿ ಆ ಮನೆಯ ಕೋಳಿಗಳು ನೀರು ಕುಡಿದವು.

ವ್ಯಾಪಾರಿ ಕುಗ್ಗಲಿಲ್ಲ. ಕಾಫಿ ಹೋಟೆಲಿನ ಮುಂದೆ ಜೀಪು ನಿಲ್ಲಿಸಿ ಜನಕ್ಕೆ ವಿವರಿಸಿದರು. ಆ ದಿನ ಹರಾಜಿನ ಸಾಮಾನಿನೊಂದಿಗೆ ನಾನೂ ಅಲ್ಲಿದ್ದೆ.

"ವೆನಕ್ಕಿ ಪೋದಾ?" ಎಂದು ಒಬ್ಬರು ತೆಲುಗಿನಲ್ಲಿ ಕೇಳಿದರು. ಹಿಂದಕ್ಕೆ ಹೋಗೋದೇ ಇಲ್ವಾ ಎಂದು.

"ಮಿಲಿಟರಿ ಗಾಡಿ ಕಣಯ್ಯಾ ಇದು. ಮಿಲಿಟರಿಯವರು ರಿವರ್ಸ್ ಇಡೋದೇ ಇಲ್ಲ. ಇಟ್ಟರೆ ಸಿಪಾಯಿಗಳು ಯುದ್ಧ ಬಿಟ್ಟು ಮನೆಗೆ ಬಂದುಬಿಡ್ತಾರೆ."

ಜನ ತಲೆದೂಗಿದರು. ಬೆಂಚಿನ ಕೊನೆಯಲ್ಲಿ ಒಬ್ಬ ನಿವೃತ್ತ ಸಿಪಾಯಿ ಕಾಫಿ ಆರಿಸಿಕೊಳ್ಳುತ್ತಿದ್ದ. ಲೋಟ ಕೆಳಗಿಟ್ಟು ಹೇಳಿದ:

"ಬರ್ಮಾದಲ್ಲಿ ನಾನು ಇದನ್ನೇ ಓಡಿಸಿದ್ದು ಸ್ವಾಮಿ. ರಿವರ್ಸ್ ಇತ್ತು. ಅದಕ್ಕೇ ಇವತ್ತು ಇಲ್ಲಿ ಕಾಫಿ ಕುಡೀತಿದ್ದೀನಿ."

೪. ಚಿಕ್ಕಬಳ್ಳಾಪುರದ ಟವೆಲು

ಈ ಮೂರು ಸಂಗತಿಗಳನ್ನೂ ನಾನು ಊರಿಗೆಲ್ಲ ಹೇಳಿ ನಗಿಸಿದ್ದೆ. ಹೇಳುವಾಗ ಪ್ರತಿ ಸಲ ಕೊನೆಗೆ, "ನನ್ನ ಅಂಗಡಿಯಲ್ಲಿ ಹೀಗೆ ನಡೆಯಲ್ಲ," ಎಂದು ಸೇರಿಸುತ್ತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ಒಬ್ಬ ಅಪರಿಚಿತ ಒಂದು ನೀಲಿ ಜೀಪನ್ನು ಮಾರಲು ತಂದ. ನಾನು ಟೈರು ನೋಡಿದೆ, ಬ್ರೇಕು ನೋಡಿದೆ, ನಂದಿಯವರೆಗೆ ಓಡಿಸಿ, ದೇವಸ್ಥಾನಕ್ಕೆ ಒಂದು ಸುತ್ತು ಹಾಕಿ ವಾಪಸ್ಸು ಬಂದೆ. ನನ್ನ ಅಂಗಳಕ್ಕೆ ಎರಡು ಗೇಟು. ಒಂದರಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಯಾವ ಗಾಡಿಯೂ ಹಿಂದಕ್ಕೆ ಸರಿದು ಗಲಾಟೆ ಮಾಡಬಾರದೆಂದು ನಾನೇ ಮಾಡಿದ ಶಿಸ್ತು. ಇಂಜಿನ್ನಿನ ಶಬ್ದ ಬಹಳ ಹಿಡಿಸಿತು. ಹಿಡಿಸದೆ ಏನು, ಕಟ್ಟಿದವನು ನಾನೇ.

ಅಪರಿಚಿತ ಹೋದ ಮೇಲೆ ಪುಸ್ತಕದಲ್ಲಿ ನಂಬರು ಬರೆಯಲು ಕೂತಾಗ ಅದೇ ನಂಬರು ಹಳೆಯ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಕಂಡಿತು. ಎದ್ದು ಹೋಗಿ ಹಿಂಬದಿಯ ನೀಲಿ ಬಣ್ಣ, ಅದರ ಕೆಳಗೆ ಮೆತ್ತಿದ್ದ ಪುಟ್ಟಿ ಎರಡನ್ನೂ ಕೆರೆದೆ. ಬರ್ಮಾದ ಗುಂಡು ಅಲ್ಲೇ ಇತ್ತು. ಬಂದವನು ಹುಣಸೆಹಣ್ಣಿನವರ ಭಾಮೈದ ಎಂದು ಆಮೇಲೆ ತಿಳಿಯಿತು.

ಈಗ ನಿಯಮದಂತೆ ಕುಂದು ಹೇಳಿ ಮಾರಬೇಕು. ಹೇಳಿದರೆ ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ನಾನು ನಗಿಸಿದವರೆಲ್ಲ ನನ್ನನ್ನು ನೋಡಿ ನಗುತ್ತಾರೆ. ಒಂದು ವಾರ ಯೋಚಿಸಿದೆ. ಅಷ್ಟರಲ್ಲಿ ಸಾದಲಿ ಕಡೆಯಿಂದ ಒಬ್ಬ ಹೆಂಗಸು ಜೀಪು ಕೇಳಿಕೊಂಡು ಬಂದರು. ಗಂಡ ತೀರಿಕೊಂಡ ಮೇಲೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಎರಡನ್ನೂ ತಾವೇ ನಡೆಸುತ್ತಿದ್ದವರು.

ಜೊತೆಗೆ ಒಬ್ಬ ದಳ್ಳಾಳಿ. ನಮ್ಮ ಕಡೆ ಜೀಪು ಕೊಳ್ಳುವವರೂ ಎತ್ತಿನ ದಳ್ಳಾಳಿಯನ್ನೇ ಕರೆತರುತ್ತಿದ್ದರು. ನಾಲ್ಕು ಕಾಲಿನದನ್ನು ನೋಡಬಲ್ಲವನು ನಾಲ್ಕು ಚಕ್ರದ್ದನ್ನೂ ನೋಡಬಲ್ಲ ಎಂದು ಲೆಕ್ಕ. ಈ ದಳ್ಳಾಳಿಯಂತೂ ಹೆಸರುವಾಸಿ ಸುಳ್ಳುಗಾರ. ಮುದಿ ಎತ್ತಿನ ಕೊಂಬು ಹೆರೆದು ಎಣ್ಣೆ ಹಚ್ಚಿ ಹೋರಿಯೆಂದು ಮಾರಿದವನು. ಕುಂಟೆತ್ತನ್ನು ಹಳ್ಳದಲ್ಲಿ ಒಂದು ಕಾಲಿಟ್ಟು ನಿಲ್ಲಿಸಿ, ನೆಟ್ಟಗೆ ಕಾಣುವಂತೆ ಮಾಡಿದವನು. ಅವನನ್ನು ನೋಡಿ ನನಗೆ ಜೀವ ಬಂತು.

"ನೋಡಪ್ಪಾ," ಎಂದರು ಆಕೆ ನನಗೆ. "ಗೂಡು ಬಿಡಿಸಿದ ಮೇಲೆ ಎರಡು ದಿನದೊಳಗೆ ಶಿಡ್ಲಘಟ್ಟಕ್ಕೆ ಹಾಕ್ಬೇಕು. ಇಲ್ಲಾಂದ್ರೆ ಚಿಟ್ಟೆ ತೂತು ಮಾಡ್ಕೊಂಡು ಆಚೆ ಬರುತ್ತೆ. ತೂತಾದ ಗೂಡನ್ನ ಯಾರೂ ಮೂಸಿ ನೋಡಲ್ಲ. ಹೋದ ಸಲ ಬಾಡಿಗೆ ಗಾಡಿಯವನು ಕೈಕೊಟ್ಟ, ಒಂದು ಬೆಳೆ ಪೂರ್ತಿ ಹೋಯ್ತು. ಇನ್ನೊಂದು ಹೋದ್ರೆ ತೋಟ ಮಾರ್ಬೇಕಾಗುತ್ತೆ. ನಮ್ಮದು ಬೀದಿಯ ಕೊನೇ ಮನೆ, ತಿರುಗಿಸೋಕೆ ಜಾಗ ಇಲ್ಲ. ಇದು ಅಲ್ಲಿಗೆ ಹೋಗುತ್ತಾ?"

"ಎಲ್ಲಿಗೆ ಬೇಕಾದರೂ ಹೋಗುತ್ತಮ್ಮ," ಎಂದೆ. ಹೋಗುತ್ತೆ ಎಂದೆ. ಬರುತ್ತೆ ಎನ್ನಲಿಲ್ಲ.

ದಳ್ಳಾಳಿಯನ್ನು ಮರೆಗೆ ಕರೆದು ವಿಷಯ ಹೇಳಿದೆ, ಹಿಂದಿನ ಗೇರಿನ ಮಾತು ಎತ್ತಬೇಡ ಎಂದೆ.

"ಹಲ್ಲು ಉದುರಿದೆ ಅನ್ನಿ," ಎಂದ. "ಅದೇನು ನಂಗೆ ಹೊಸದಾ."

ಆಮೇಲೆ ತನ್ನ ಟವೆಲನ್ನು ನಮ್ಮಿಬ್ಬರ ಕೈಗಳ ಮೇಲೆ ಹೊದಿಸಿ, ಎತ್ತಿನ ವ್ಯಾಪಾರದ ಪದ್ಧತಿಯಂತೆ ಬೆರಳು ಹಿಡಿದು ಬೆಲೆ ಕೇಳಿದ. ಬೆಲೆಯನ್ನು ಬಾಯಿಬಿಟ್ಟು ಹೇಳಬೇಕೆನ್ನುವ ನಾನು ಅಂದು ಟವೆಲಿನ ಕೆಳಗೆ ಒಂದು ಬೆರಳು ಒತ್ತಿ, ಎರಡು ಬೆರಳು ಬಿಟ್ಟು ವ್ಯಾಪಾರ ಮುಗಿಸಿದೆ. ಆಕೆ ಒಪ್ಪಿದರು. ಗಾಡಿಯನ್ನು ಹೊರಗೆ ತಂದುಕೊಡೋಣವೆಂದು ನಾನು ಹತ್ತಿ ಕೂತೆ.

ಆಕೆ ದಳ್ಳಾಳಿಯ ಕಡೆ ತಿರುಗಿದರು. "ಏನಯ್ಯಾ, ಹಣ ಕೊಟ್ಟುಬಿಡ್ಲಾ? ನೀನು ಏನೂ ಹೇಳಲಿಲ್ಲ."

ನಾನು ಕೆಮ್ಮಿದೆ. ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ನಂಗಾಗಲ್ಲ ಸ್ವಾಮಿ," ಎಂದ ನನಗೆ.

"ಏನಾಗಲ್ಲ?"

"ಎತ್ತಿಗಾದ್ರೆ ಸುಳ್ಳು ಹೇಳ್ತೀನಿ, ಇಲ್ಲ ಅನ್ನಲ್ಲ. ಆದ್ರೆ ಕೊಂಡವನು ಹಗ್ಗ ಹಿಡಿದು ಹತ್ತು ಹೆಜ್ಜೆ ಹೋಗೋದ್ರೊಳಗೆ ಎತ್ತೇ ನಿಜ ಹೇಳಿಬಿಡುತ್ತೆ. ಕುಂಟುತ್ತೆ, ಮಲಗುತ್ತೆ, ಇಲ್ಲ ನನ್ನನ್ನೇ ಒದೆಯುತ್ತೆ. ಇದು ಒದೆಯಲ್ಲ. ಆಯಮ್ಮನ ಬೀದಿ ಕೊನೇವರೆಗೂ ಸುಮ್ಮನೆ ಹೋಗಿ, ಗೂಡು ತುಂಬಿಸ್ಕೊಂಡು ಆಮೇಲೆ ಹೇಳುತ್ತೆ."

ಗೇಟಿನ ಹೊರಗೆ ಅವನು ಸಂತೆಗೆ ಹೊಡೆದುಕೊಂಡು ಹೊರಟಿದ್ದ ಒಂದು ಜೊತೆ ಎತ್ತನ್ನು ನೊಗದ ಸಮೇತ ಕಟ್ಟಿದ್ದ. ಹೋಗಿ ಬಿಚ್ಚಿ ತಂದ. ಜೀಪಿನ ಹಿಂದಿನ ಕೊಕ್ಕೆಗೆ ಹಗ್ಗ ಬಿಗಿದು ನೊಗಕ್ಕೆ ಕಟ್ಟಿದ. ನಾನು ಬ್ರೇಕು ತುಳಿಯಬಹುದಿತ್ತು. ತುಳಿಯಲಿಲ್ಲ.

"ಅಮ್ಮಾ, ಕೊಳ್ಳೋ ಮುಂಚೆ ಸರಿಯಾಗಿ ನೋಡ್ಕೊಳ್ಳಿ," ಎಂದ ದಳ್ಳಾಳಿ. "ಇದರ ಹಿಂದಿನ ಗೇರು ಇವೆರಡು. ದಿನಕ್ಕೆ ಎರಡು ಹೊರೆ ಹುಲ್ಲು ತಿಂತವೆ."

ನಾಲಿಗೆ ಲೊಟಕಿಸಿ ಎತ್ತುಗಳ ಬೆನ್ನು ತಟ್ಟಿದ. ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಸ್ಟಿಯರಿಂಗ್ ಹಿಡಿದು ಕೂತಿದ್ದ ನನ್ನ ಸಮೇತ ಆ ಜೀಪನ್ನು, ಪೇಟೆಯವರೆಲ್ಲ ನೋಡುತ್ತಿದ್ದ ಹಾಗೆ, ರಸ್ತೆಯವರೆಗೂ ಹಿಂದಕ್ಕೆ ಎಳೆದುಕೊಂಡು ಹೋದ.